ಕ್ರೀಡಾಭಿಮಾನಿ ಸರ್ ದೊರಾಬ್ಜಿ ತಾತಾ

ಆಡುವವರು ಕೆಲವರು, ನೋಡಿ ನಲಿಯುವವರು ಹಲವರು. ನಾನು ಎರಡನೆಯ ಗುಂಪಿನವನು. ಒಲಿಂಪಿಕ್ ಪಂದ್ಯಗಳು ಬಂದುವೆಂದರೆ ನನಗೆ ಊಟ ನಿದ್ರೆಗಳ ಪರಿವೆಯಿಲ್ಲ. 2021ರ ಆಗಸ್ಟ್ 7ರಂದು ಟೋಕಿಯೋದಲ್ಲಿ ನೀರಜ್ ಚೋಪ್ರಾ ಚಿನ್ನ ಗೆದ್ದಾಗ, ಗೆದ್ದವನು ನಮ್ಮ ಮನೆಯ ಮಗನೋ ಎಂಬಂತೆ ನಮ್ಮೂರಿನಲ್ಲಿ ಹಿಗ್ಗಿದೆವು. ಆದರೆ ಭರತಖಂಡದ ತಂಡವೊಂದು ಮೊದಲ ಬಾರಿಗೆ ಆ ಕಣಕ್ಕೆ ಇಳಿದುದು ಒಬ್ಬ ಅಭಿಮಾನಿಯ ಹಂಬಲದಿಂದ ಎಂಬುದನ್ನು ಬಲ್ಲವರು ವಿರಳ. ಅವರೇ ಸರ್ ದೊರಾಬ್ಜಿ ತಾತಾ.

ದೊರಾಬ್ಜಿಯವರು 1859ರ ಆಗಸ್ಟ್ 27ರಂದು ಮುಂಬಯಿಯಲ್ಲಿ ಜಮ್‌ಷೆಟ್ಜಿ ತಾತಾ ಅವರ ಹಿರಿಯ ಮಗನಾಗಿ ಜನಿಸಿದರು. 1877ರಲ್ಲಿ ಕೇಂಬ್ರಿಜ್ ಸೇರಿ, ಪಾಠದೊಡನೆ ಕ್ರಿಕೆಟ್, ಫುಟ್‌ಬಾಲ್‌ಗಳಲ್ಲಿಯೂ ಹೆಸರು ಗಳಿಸಿದರು. ಎರಡು ವರ್ಷಗಳ ತರುವಾಯ ಸ್ವದೇಶಕ್ಕೆ ಮರಳಿ 1882ರಲ್ಲಿ ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಿಂದ ಬಿ.ಎ. ಪದವಿ ಪಡೆದರು. ಕೆಲಕಾಲ ಪತ್ರಿಕೋದ್ಯಮದಲ್ಲಿದ್ದು ಬಳಿಕ ತಂದೆಯ ವ್ಯಾಪಾರಕ್ಕೆ ಹೆಗಲು ಕೊಟ್ಟರು.

ಅವರಿಗೂ ನಮ್ಮ ನಾಡಿಗೂ ಬೀಗತನದ ನಂಟುಂಟು. ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಹಿರಿಯ ಅಧಿಕಾರಿಗಳಾಗಿದ್ದ ಭಾಭಾ ಅವರ ಮಗಳು ಮೆಹರ್‌ಬಾಯಿಯನ್ನು ಅವರು 1898ರಲ್ಲಿ ವರಿಸಿದರು. ಆಕೆ ಸೀರೆಯುಟ್ಟೇ ಟೆನ್ನಿಸ್ ಆಡಿ ಬಹುಮಾನಗಳನ್ನು ಗೆದ್ದ ದಿಟ್ಟೆ. 1904ರಲ್ಲಿ ತಂದೆ ತೀರಿಕೊಂಡ ಮೇಲೆ ಅವರ ಕನಸುಗಳನ್ನೆಲ್ಲ ನನಸು ಮಾಡುವ ಭಾರ ದೊರಾಬ್ಜಿಯವರ ಮೇಲೆ ಬಿತ್ತು. 1907ರಲ್ಲಿ ಉಕ್ಕಿನ ಕಂಪನಿ ಸ್ಥಾಪನೆಯಾಯಿತು. ಮೈಸೂರು ಅರಸರು ಕೊಟ್ಟ 371 ಎಕರೆ ನೆಲದಲ್ಲಿ, ಬೆಂಗಳೂರಿಗರು ತಾತಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ವಿಜ್ಞಾನ ಮಂದಿರ ತಲೆಯೆತ್ತಿತು.

ಇಷ್ಟು ಹೊಣೆಗಳ ನಡುವೆಯೂ ಆಟದ ಮೇಲಿನ ಒಲವು ಅವರಲ್ಲಿ ಬತ್ತಲಿಲ್ಲ. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟಕ್ಕೆ ಅವರು ಅಧ್ಯಕ್ಷರಾಗಿದ್ದರು. ಅಲ್ಲಿ ದೂರದ ಓಟಕ್ಕೆ ನಿಂತವರಲ್ಲಿ ಹೆಚ್ಚಿನವರು ಒಕ್ಕಲು ಮಕ್ಕಳು. ಕಾಲಿಗೆ ಜೋಡಿಲ್ಲ, ಕಲಿಸುವ ಗುರುವಿಲ್ಲ, ಓಟದ ಕಟ್ಟಳೆಗಳ ಅರಿವೂ ಇಲ್ಲ. ಆದರೂ ಅವರು ಓಡಿ ಮುಗಿಸಿದ ವೇಳೆಯನ್ನು ನೋಡಿ, ಅದು ಯೂರೋಪಿನ ಓಟಗಾರರ ವೇಳೆಗೆ ಹತ್ತಿರವಾಗಿರುವುದನ್ನು ದೊರಾಬ್ಜಿ ಗುರುತಿಸಿದರು. ನಾನೂ ಹೊಲದ ಮನೆಯವನಾದುದರಿಂದ ಅವರ ಬಾಳಿನಲ್ಲಿ ಈ ಸಂಗತಿಯೇ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹೆಚ್ಚಾಗಿ ನಾಟಿದೆ. ಬರಿಗಾಲನ್ನು ಕಂಡು ಕನಿಕರಪಡುವವರು ಬಹಳ ಮಂದಿ. ಅವರು ಆ ಕಾಲಿನ ಕಸುವನ್ನು ಕಂಡರು.

ಮುಂಬಯಿ ಗವರ್ನರರ ಬೆಂಬಲ ಪಡೆದು, ತಮ್ಮ ಕೈಯಿಂದಲೂ ಹಣ ಹಾಕಿ, 1920ರಲ್ಲಿ ಬೆಲ್ಜಿಯಮಿನ ಆಂಟ್‌ವರ್ಪ್‌ಗೆ ಅವರು ತಂಡವನ್ನು ಕಳುಹಿಸಿದರು. ನಾಲ್ವರು ಓಟಗಾರರು, ಇಬ್ಬರು ಜಟ್ಟಿಗಳು. ಓಟಗಾರರಲ್ಲಿ ಒಬ್ಬರು ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ಆಗಸ್ಟ್ 22ರಂದು ನಡೆದ ಮ್ಯಾರಥಾನ್‌ನ ದೂರ 42,750 ಮೀಟರು. ಚೌಗುಲೆಯವರು ಅದನ್ನು ಸುಮಾರು 2 ಗಂಟೆ 51 ನಿಮಿಷಗಳಲ್ಲಿ ಓಡಿ 19ನೆಯವರಾದರು. ಕುಸ್ತಿಯಲ್ಲಿ ರಣಧೀರ್ ಶಿಂಧೆ 4ನೆಯ ಸ್ಥಾನ ಪಡೆದು ಪದಕದ ಹೊಸ್ತಿಲವರೆಗೆ ಹೋಗಿ ಬಂದರು.

ಪದಕವಿಲ್ಲದೆ ತಂಡ ಹಿಂತಿರುಗಿತು. ಬೇರೊಬ್ಬ ಧನಿಕರಾಗಿದ್ದರೆ ಹಣ ನೀರುಪಾಲಾಯಿತೆಂದು ಕೈ ತೊಳೆದುಕೊಳ್ಳುತ್ತಿದ್ದರೋ ಏನೋ. ದೊರಾಬ್ಜಿ ಸೋಲಿನಿಂದ ಕಲಿತರು. ಓಡುವವನಿದ್ದರೆ ಸಾಲದು, ಹುಡುಕಿ ತಿದ್ದುವ ವ್ಯವಸ್ಥೆ ಬೇಕು ಎಂದರಿತು, ಮದರಾಸಿನ ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಕರ ನೆರವು ಪಡೆದರು. 1924ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಪ್ರಾಂತಗಳ ಕ್ರೀಡಾಪಟುಗಳು ಸೇರಿದರು; ಅಲ್ಲಿ ಆಯ್ದವರು ಪ್ಯಾರಿಸ್ಸಿಗೆ ಹೋದರು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿತು. ದೊರಾಬ್ಜಿಯವರೇ ಅದರ ಮೊದಲ ಅಧ್ಯಕ್ಷರು. ಮರುವರ್ಷವೇ ಆಂಸ್ಟರ್‌ಡ್ಯಾಮಿನಲ್ಲಿ ನಮ್ಮ ಹಾಕಿ ತಂಡ ಚಿನ್ನ ಗೆದ್ದಿತು. ಬಿತ್ತಿದವರು ಫಲ ಕಂಡರು.

1931ರಲ್ಲಿ ಮೆಹರ್‌ಬಾಯಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಮಕ್ಕಳಿಲ್ಲದ ದೊರಾಬ್ಜಿ ಆ ರೋಗದ ಸಂಶೋಧನೆಗಾಗಿ ನಿಧಿಯೊಂದನ್ನಿಟ್ಟು, ಉಳಿದ ಆಸ್ತಿಯನ್ನೂ ಧರ್ಮಕ್ಕೆ ಬರೆದುಕೊಟ್ಟರು. ಇಂಗ್ಲೆಂಡಿನಲ್ಲಿರುವ ಮಡದಿಯ ಸಮಾಧಿಯನ್ನು ಕಾಣಹೊರಟವರು, 1932ರ ಜೂನ್ 3ರಂದು ಜರ್ಮನಿಯಲ್ಲಿಯೇ ಕಣ್ಮುಚ್ಚಿದರು.

ತಾತಾ ಅವರ ಸಿರಿ ನಮ್ಮಲ್ಲಿಲ್ಲ. ಅವರ ಕಣ್ಣು ಇರಬಹುದಲ್ಲವೆ? ಹೊಸದುರ್ಗ, ಹೊಳಲ್ಕೆರೆ, ಹಿರಿಯೂರುಗಳ ಹೊಲದ ಬದುಗಳ ಮೇಲೆ ಓಡುವ ಮಕ್ಕಳು ಇಂದಿಗೂ ಇದ್ದಾರೆ. ಸಹಪಾಠಿಗಳಲ್ಲಿ ಅನೇಕರು ನಾಳೆ ಹಳ್ಳಿಯ ಶಾಲೆಗಳಲ್ಲಿ ಉಪಾಧ್ಯಾಯರಾಗುವವರು. ಅಂಥ ಮಗುವೊಂದು ಕಂಡಾಗ ವೇಳೆ ನೋಡಿ ಬರೆದಿಟ್ಟುಕೊಂಡು, ಚಿತ್ರದುರ್ಗದ ಕ್ರೀಡಾಂಗಣದವರೆಗೆ ಕೈಹಿಡಿದು ಕರೆತಂದರೆ, ನಮ್ಮ ಕ್ರೀಡಾಭಿಮಾನ ಸಾರ್ಥಕವಾದೀತು.