ಪ್ರಾಧ್ಯಾಪಕ ಎಂ. ಹಿರಿಯಣ್ಣನವರು

ಎಣ್ಣೂರಿನಿಂದ ಬಸ್ಸಿನಲ್ಲಿ ಪಟ್ಟಣಕ್ಕೆ ಹೋಗಿಬರುವ ನಮ್ಮ ಕನ್ನಡ ಬಂಧುಗಳಿಗೆ ಪ್ಯಾರೀಸ್ ಕಾರ್ನರ್ ಚಿರಪರಿಚಿತವಾದ ಸ್ಥಳ. ಅಲ್ಲಿ ಹೈಕೋರ್ಟಿನ ಎದುರಿಗೆ, ಇಂದು ವ್ಯಾಪಾರದ ಗದ್ದಲ ತುಂಬಿರುವೆಡೆಯಲ್ಲಿ, 1937ರಲ್ಲಿ ತಾಂಬರಕ್ಕೆ ಹೋಗುವವರೆಗೂ ಮದರಾಸು ಕ್ರಿಶ್ಚಿಯನ್ ಕಾಲೇಜು ಇದ್ದಿತು. 1871ರಲ್ಲಿ ಮೈಸೂರಿನಲ್ಲಿ ಜನಿಸಿದ ಹಿರಿಯಣ್ಣನವರು ತಾರುಣ್ಯದಲ್ಲಿ ಓದಲು ಬಂದುದು ಇಲ್ಲಿಗೇ. ಮೈಸೂರು ಸೀಮೆಗೆ ಆಗ ತನ್ನದೇ ಆದ ವಿಶ್ವವಿದ್ಯಾನಿಲಯವಿರಲಿಲ್ಲ. ಅದು ಸ್ಥಾಪಿತವಾದದ್ದು 1916ರಲ್ಲಿ.

ಊರಿಗೆ ಮರಳಿದ ಮೇಲೆ ಅವರು ಮೊದಲು ಪ್ರಾಚ್ಯ ಕೋಶಾಗಾರದಲ್ಲಿಯೂ ಆಮೇಲೆ ನಾರ್ಮಲ್ ಸ್ಕೂಲಿನಲ್ಲಿಯೂ ಕೆಲಸ ಮಾಡಿದರು. ಮಹಾರಾಜಾ ಕಾಲೇಜಿಗೆ ಸೇರಿದಾಗ, ಅಂದರೆ 1912ರಲ್ಲಿ, ಅವರಿಗೆ ವಯಸ್ಸು ನಲವತ್ತು ದಾಟಿತ್ತು. ಸೇರಿದ್ದೂ ಸಂಸ್ಕೃತದ ಅಧ್ಯಾಪಕರಾಗಿ. ತತ್ತ್ವಶಾಸ್ತ್ರದಲ್ಲಿ ಲೋಕವೇ ಗೌರವಿಸಿದ ಈ ವಿದ್ವಾಂಸರು ಕೊನೆಯವರೆಗೂ ಸಂಸ್ಕೃತದ ಮೇಷ್ಟರೇ ಆಗಿದ್ದರೆಂಬುದು ಮರೆಯತಕ್ಕ ಮಾತಲ್ಲ.

ವಿಶ್ವವಿದ್ಯಾನಿಲಯದಲ್ಲಿ ಭಾರತೀಯ ದರ್ಶನಗಳನ್ನು ಪಾಠ ಹೇಳುವ ಹೊಣೆ ಅವರ ಪಾಲಿಗೆ ಬಂದಿತು. ಅದೇನೂ ಸುಲಭದ ಕೆಲಸವಲ್ಲ. ಮೂಲ ಗ್ರಂಥಗಳಿರುವುದು ಸಂಸ್ಕೃತದಲ್ಲಿ, ಪಾಠ ನಡೆಯಬೇಕಾದದ್ದು ಇಂಗ್ಲಿಷಿನಲ್ಲಿ, ಕೇಳುವ ಹುಡುಗರ ಮನೆಮಾತು ಕನ್ನಡ. ಮೇಲಾಗಿ ವೇದಾಂತಿಗೆ ಬೌದ್ಧನನ್ನೂ ದ್ವೈತಿಗೆ ಅದ್ವೈತಿಯನ್ನೂ ಹಳಿಯುವುದು ಬಹುಕಾಲದ ಅಭ್ಯಾಸ. ಹಿರಿಯಣ್ಣನವರಾದರೋ ಪ್ರತಿಯೊಂದು ಮತವನ್ನೂ ಅದನ್ನು ನಂಬಿದವನೇ ವಿವರಿಸುವಷ್ಟು ಸಹಾನುಭೂತಿಯಿಂದ ವಿವರಿಸಿದರು. ಚಾರ್ವಾಕರ ವಿಷಯ ಬಂದಾಗಲೂ, ಅವರ ಮಾತು ನಮಗೆ ತಿಳಿದಿರುವುದು ಬಹುಮಟ್ಟಿಗೆ ಅವರ ವಿರೋಧಿಗಳ ಬಾಯಿಂದಲ್ಲವೇ ಎಂದು ಓದುಗನನ್ನು ಎಚ್ಚರಿಸುವುದನ್ನು ಅವರು ಬಿಡಲಿಲ್ಲ. ದರ್ಶನವೆಂದರೆ ಬರಿಯ ತರ್ಕವಲ್ಲ, ಬಾಳುವ ರೀತಿಯೂ ಹೌದೆಂಬುದು ಅವರ ನಿಶ್ಚಿತಾಭಿಪ್ರಾಯ.

1918ರಲ್ಲಿ ಡಾ. ರಾಧಾಕೃಷ್ಣನ್ ಅವರು ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಮೈಸೂರಿಗೆ ಬಂದರು. ಹಿರಿಯಣ್ಣನವರಿಗಿಂತ ಅವರು ಹದಿನೇಳು ವರ್ಷ ಕಿರಿಯರು, ವಾಗ್ಮಿಗಳು. 1921ರಲ್ಲಿ ಅವರು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಕುದುರೆ ಬಿಚ್ಚಿ ತಾವೇ ಗಾಡಿಯನ್ನು ರೈಲ್ವೆ ನಿಲ್ದಾಣಕ್ಕೆ ಎಳೆದೊಯ್ದ ಕಥೆಯನ್ನು ಕೇಳದವರಾರು! ಹಿರಿಯಣ್ಣನವರದು ಬೇರೆ ಬಗೆ. ಅವರು ಮಿತಭಾಷಿಗಳು, ಒಂದು ಪದವನ್ನು ಬಳಸುವ ಮುನ್ನ ಹತ್ತು ಸಲ ತೂಗಿ ನೋಡುವವರು. ರಾಧಾಕೃಷ್ಣನ್ ಅವರ ಭಾರತೀಯ ದರ್ಶನದ ಎರಡು ಸಂಪುಟಗಳು 1923 ಮತ್ತು 1927ರಲ್ಲಿ ಬಂದವು. ಹಿರಿಯಣ್ಣನವರ ಪಾಠಗಳು ಮಾತ್ರ ಇನ್ನೂ ಟಿಪ್ಪಣಿಯಾಗಿಯೇ ಉಳಿದಿದ್ದುವು. 1927ರಲ್ಲಿ ಅವರು ನಿವೃತ್ತರೂ ಆದರು. ಆ ಕಾಗದಗಳು ಪೆಟ್ಟಿಗೆಯಲ್ಲಿಯೇ ಉಳಿದುಬಿಟ್ಟಿದ್ದರೆ, ತರಗತಿಯಲ್ಲಿ ಕುಳಿತು ಕೇಳಿದ ಕೆಲವರಿಗಷ್ಟೇ ಆ ವಿದ್ಯೆ ದಕ್ಕಿ ಮುಗಿದುಹೋಗುತ್ತಿತ್ತು.

ಪುಣ್ಯಕ್ಕೆ ಹಾಗಾಗಲಿಲ್ಲ. 1932ರಲ್ಲಿ, ಅರವತ್ತೊಂದನೆಯ ವಯಸ್ಸಿನಲ್ಲಿ, ಅವರ ‘ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ’ ಲಂಡನ್ನಿನಲ್ಲಿ ಪ್ರಕಟವಾಯಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಹಲವು ವರ್ಷ ಹೇಳಿದ ಪಾಠಗಳೇ ಇದಕ್ಕೆ ಆಧಾರವೆಂದು ಮುನ್ನುಡಿಯಲ್ಲಿ ತಿಳಿಸಿ, ರಾಧಾಕೃಷ್ಣನ್ ಅವರ ವಿಶ್ವಾಸವನ್ನೂ, ಇಡೀ ಗ್ರಂಥವನ್ನು ಓದಿ ಸಲಹೆಯಿತ್ತ ಬೆಂಗಳೂರಿನ ಡಿ. ವೆಂಕಟರಾಮಯ್ಯನವರನ್ನೂ ಸ್ಮರಿಸಿದರು. ಮುಂದಿನ ವರ್ಷವೇ ವಿಮುಕ್ತಾತ್ಮರ ‘ಇಷ್ಟಸಿದ್ಧಿ’ಯನ್ನು ಸಂಪಾದಿಸಿಕೊಟ್ಟರು. 1949ರಲ್ಲಿ, ಸಾಮಾನ್ಯ ಓದುಗನನ್ನು ಮನಸ್ಸಿನಲ್ಲಿಟ್ಟು ಬರೆದ ಚಿಕ್ಕ ಗ್ರಂಥವೊಂದು ಹೊರಬಂದಿತು. ಮರುವರ್ಷ ಅವರು ಕಾಲವಾದರು. ಅಲ್ಲಲ್ಲಿ ಚದುರಿದ್ದ ಅವರ ಲೇಖನಗಳನ್ನು ಮೈಸೂರಿನ ಕಾವ್ಯಾಲಯದವರು ಕೂಡಿಸಿ ಒಂದೊಂದಾಗಿ ಪುಸ್ತಕರೂಪದಲ್ಲಿ ಹೊರತಂದರು.