ಗಾರೆ ಕೆಲಸದಿಂದ ಹಳದಿ ಅಂಗಿಯವರೆಗೆ: ಒಟ್ಟಾವಿಯೊ ಬೊಟ್ಟೆಕಿಯಾ



ಜತ್ತ, ಅಕ್ಕಲಕೋಟೆ ಕಡೆಯ ನಮ್ಮವರಿಗೆ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಸೈಕಲ್ ಸವಾರರ ಬಗ್ಗೆ ಹೊಸದಾಗಿ ಹೇಳಬೇಕಾಗಿಲ್ಲ. ಹಳ್ಳಿಯ ರಸ್ತೆಯಲ್ಲಿ ತುಳಿದು ಕಲಿತ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ತಂದದ್ದನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಊರಿನ ಸ್ಪರ್ಧೆಯಲ್ಲಿ ಹಿಂದೆ ಯಾರು ಗೆದ್ದರು ಎಂದು ಕೇಳಿದರೆ ಹೇಳುವವರು ಕಡಿಮೆ. ಇಂಥ ಸಣ್ಣ ಪ್ರಾದೇಶಿಕ ಸ್ಪರ್ಧೆಗಳ ವಿಜೇತರ ಪಟ್ಟಿಯಿಂದಲೇ ಎದ್ದು ಬಂದು ಜಗತ್ತಿನ ಅತಿ ದೊಡ್ಡ ಸೈಕಲ್ ಸ್ಪರ್ಧೆಯನ್ನು ಗೆದ್ದ ಇಟಲಿಯ ಒಬ್ಬರ ಬದುಕನ್ನು ಈ ಸಲ ನಿಮ್ಮ ಮುಂದಿಡುತ್ತಿದ್ದೇವೆ.

ಒಟ್ಟಾವಿಯೊ ಬೊಟ್ಟೆಕಿಯಾ ಹುಟ್ಟಿದ್ದು 1894ರ ಆಗಸ್ಟ್ 1ರಂದು, ಇಟಲಿಯ ಈಶಾನ್ಯದ ವೆನೆಟೊ ಪ್ರದೇಶದಲ್ಲಿ, ಕೊಲ್ಲೆ ಉಂಬೆರ್ತೊ ಎಂಬ ಊರಿನ ಬಳಿ. ಒಂಬತ್ತು ಮಕ್ಕಳ ಬಡ ಮನೆಯಲ್ಲಿ ಎಂಟನೆಯವರು. ಒಟ್ಟಾವಿಯೊ ಎಂದರೂ ಎಂಟನೆಯವನು ಎಂದೇ ಅರ್ಥ. ಶಾಲೆಯ ಮುಖ ಕಂಡದ್ದು ಅಲ್ಪಕಾಲ ಮಾತ್ರ. ಮೊದಲು ಚಪ್ಪಲಿ ಹೊಲಿಯುವ ಕೆಲಸ, ಆಮೇಲೆ ಗಾರೆ ಕೆಲಸ. ನಮ್ಮ ಸೊಲ್ಲಾಪುರದ ಕಡೆಯ ಮಾತಿನಲ್ಲಿ ಹೇಳುವುದಾದರೆ ಅವರು ಗೌಂಡಿ.

ಮೊದಲ ಮಹಾಯುದ್ಧದಲ್ಲಿ ಅವರು ಇಟಲಿಯ ಬೆರ್ಸಾಲ್ಯೇರಿ ಪಡೆ ಸೇರಿದರು. ಮಡಚುವ ಸೈಕಲ್ ಮೇಲೆ ಸಂದೇಶ, ಸಾಮಾನು ಒಯ್ಯುವ ಕೆಲಸ. ಮಲೇರಿಯಾ ಬಂತು. ವಿಷಾನಿಲದ ದಾಳಿಗೆ ಸಿಕ್ಕಿದರು. ಶತ್ರುಗಳ ಕೈಗೆ ಸೆರೆ ಸಿಕ್ಕರೂ ತಪ್ಪಿಸಿಕೊಂಡು ಬಂದರು. ಶೌರ್ಯಕ್ಕಾಗಿ ಕಂಚಿನ ಪದಕ ದೊರೆಯಿತು. ಈ ನಡುವೆ 1917ರ ಕೊನೆಗೆ ಆಸ್ಟ್ರಿಯಾ, ಜರ್ಮನಿಯ ಸೇನೆಗಳು ಪಿಯಾವೆ ನದಿಯವರೆಗೂ ನುಗ್ಗಿದವು. ಬೊಟ್ಟೆಕಿಯಾ ಅವರ ಹುಟ್ಟೂರಿನ ಸೀಮೆ ಸುಮಾರು ಒಂದು ವರ್ಷ ಪರರ ಆಳ್ವಿಕೆಯಲ್ಲಿತ್ತು.

ಯುದ್ಧ ಮುಗಿದಾಗ ಕೈಯಲ್ಲಿ ಕಾಸಿರಲಿಲ್ಲ. ಕೆಲಸ ಹುಡುಕಿಕೊಂಡು ಫ್ರಾನ್ಸಿಗೂ ಹೋಗಿ ಕಟ್ಟಡಗಳಲ್ಲಿ ದುಡಿದು ಬಂದರು. ಊರಿಗೆ ಮರಳಿದ ಮೇಲೆ ಸೈಕಲ್ ಸ್ಪರ್ಧೆಗಿಳಿದರು. ವಿಟ್ಟೋರಿಯೊ ವೆನೆಟೊ ಪಟ್ಟಣದ ತೆಯೊದೊರೊ ಕಾರ್ನಿಯೆಲ್ಲಿ ಅವರಿಗೆ ಬೆಂಬಲವಾಗಿ ನಿಂತರು. 1920ರಲ್ಲಿ ಪಿಯಾವೆ ಸುತ್ತಿನ ಸ್ಪರ್ಧೆ ಮತ್ತು ವಿಜಯದ ಕಪ್, 1921ರಲ್ಲಿ ಫ್ರಿಯುಲಿ ಸುತ್ತಿನ ಸ್ಪರ್ಧೆ ಅವರ ಪಾಲಾದವು. ಕೆಲವೇ ವರ್ಷಗಳ ಹಿಂದೆ ಗುಂಡು ಹಾರಿದ ಸೀಮೆಯ ರಸ್ತೆಗಳಲ್ಲಿ ನಡೆದ ಸ್ಥಳೀಯ ಸ್ಪರ್ಧೆಗಳಿವು. ಆಗ ಅವರ ವಯಸ್ಸು 26, 27. ಸವಾರನಿಗೆ ಅದು ತಡವಾದ ಆರಂಭವೇ.

1923ರಲ್ಲಿ ಇಟಲಿ ಸುತ್ತಿನ ಮಹಾಸ್ಪರ್ಧೆಯಲ್ಲಿ ಯಾವ ತಂಡದ ಆಸರೆಯೂ ಇಲ್ಲದೆ ಐದನೆಯವರಾದರು. ಇದನ್ನು ಕಂಡು ಫ್ರಾನ್ಸಿನ ಆಟೊಮೊಟೊ ತಂಡ ಅವರನ್ನು ಸೇರಿಸಿಕೊಂಡಿತು. ಅದೇ ವರ್ಷದ ಟೂರ್ ದ ಫ್ರಾನ್ಸ್‌ನಲ್ಲಿ ತಮ್ಮ ತಂಡದ ನಾಯಕ ಆನ್ರಿ ಪೆಲಿಸ್ಸಿಯೆ ಅವರ ಹಿಂದೆ ಎರಡನೆಯ ಸ್ಥಾನ. 1924ರಲ್ಲಿ 15 ಹಂತ, 5,425 ಕಿಲೋಮೀಟರ್. ಮೊದಲ ಹಂತ ಗೆದ್ದು ತೊಟ್ಟ ಹಳದಿ ಅಂಗಿಯನ್ನು ಪ್ಯಾರಿಸ್ ಮುಟ್ಟುವವರೆಗೂ ಬಿಟ್ಟುಕೊಡಲಿಲ್ಲ. ಟೂರ್ ಗೆದ್ದ ಮೊದಲ ಇಟಲಿಯವರು ಅವರೇ. 1925ರಲ್ಲಿ ಮತ್ತೆ ಗೆದ್ದರು. ಪತ್ರಿಕೆಗಳು ಅವರನ್ನು ಫ್ರಿಯುಲಿಯ ಗಾರೆಯವ ಎಂದು ಕರೆದವು. ಗೆದ್ದ ಮೇಲೂ ಹಣ ಉಳಿಸಲು ಮೂರನೇ ದರ್ಜೆಯ ರೈಲಿನಲ್ಲೇ ಊರಿಗೆ ಹೋದರೆಂಬ ಕಥೆ ಇಂದಿಗೂ ಪ್ರಚಲಿತ.

ಅಕ್ಷರ ಕಲಿತ ಸಂಗತಿ ನಮ್ಮ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು. ಬೆಳೆದು ದೊಡ್ಡವರಾದ ಮೇಲೆ, ಸಹಸವಾರ ಅಲ್ಫೊನ್ಸೊ ಪಿಚ್ಚಿನ್ ಕ್ರೀಡಾ ಪತ್ರಿಕೆಯನ್ನು ಮುಂದಿಟ್ಟು ಅವರಿಗೆ ಓದು ಕಲಿಸಿದರು. ತಮ್ಮ ಹೆಸರು ಅಚ್ಚಾದ ಪತ್ರಿಕೆಯನ್ನು ತಾವೇ ಓದುವಂತಾಗುವುದು ಎಂಥ ಗೆಲುವು ಎಂಬುದನ್ನು, ಶಾಲೆಯಲ್ಲಿ ಬೇರೆ ಭಾಷೆ ಕಲಿತು ಆಮೇಲೆ ಕನ್ನಡ ಅಕ್ಷರ ತಿದ್ದಿದ ನಮ್ಮಲ್ಲಿ ಹಲವರು ಬಲ್ಲರು.

ಮುಂದಿನ ದಿನಗಳು ಕಷ್ಟದವು. 1926ರ ಟೂರ್‌ನಲ್ಲಿ ಪಿರನೀಸ್ ಪರ್ವತದ ಬಿರುಗಾಳಿ ಮಳೆಯಲ್ಲಿ ಬಳಲಿ ಸ್ಪರ್ಧೆ ಬಿಟ್ಟರು. 1927ರ ಮೇ ತಿಂಗಳಲ್ಲಿ ಸೈಕಲ್ ತುಳಿಯುತ್ತಿದ್ದ ಸಹೋದರ ಜೊವಾನಿ ಕಾರು ಬಡಿದು ತೀರಿಕೊಂಡರು. ಕೆಲವೇ ದಿನಗಳಲ್ಲಿ, ಜೂನ್ 3ರಂದು, ಅಭ್ಯಾಸಕ್ಕೆ ಹೊರಟಿದ್ದ ಒಟ್ಟಾವಿಯೊ ಪೆಯೊನಿಸ್ ಹಳ್ಳಿಯ ಬಳಿ ರಸ್ತೆ ಬದಿ ತಲೆಗೆ ಪೆಟ್ಟಾಗಿ ಬಿದ್ದಿದ್ದರು. ಸೈಕಲ್ಲಿಗೆ ಏನೂ ಆಗಿರಲಿಲ್ಲ. ಜೆಮೋನಾ ಆಸ್ಪತ್ರೆಯಲ್ಲಿ ಸುಮಾರು ಹನ್ನೆರಡು ದಿನಗಳ ಬಳಿಕ ಕೊನೆಯುಸಿರೆಳೆದರು. ವಯಸ್ಸು 32. ಅಪಘಾತವೆಂದು ಅಧಿಕಾರಿಗಳು ಮುಗಿಸಿದರು. ಫ್ಯಾಸಿಸ್ಟರ ಕೈವಾಡ ಎಂದವರಿದ್ದಾರೆ, ದ್ರಾಕ್ಷಿ ಕಿತ್ತನೆಂದು ರೈತನೊಬ್ಬ ಹೊಡೆದ ಎಂದವರೂ ಇದ್ದಾರೆ. ಜೂನ್ ಆರಂಭದಲ್ಲಿ ಅಲ್ಲಿ ದ್ರಾಕ್ಷಿ ಹಣ್ಣಾಗಿರುವುದಿಲ್ಲ. ಯಾವುದೂ ಸಾಬೀತಾಗಲಿಲ್ಲ.

ಅವರ ಹೆಸರಿನ ಸೈಕಲ್‌ಗಳು ಮಾತ್ರ ಉಳಿದವು. 1989ರಲ್ಲಿ ಅಮೆರಿಕದ ಗ್ರೆಗ್ ಲೆಮಾಂಡ್ ಕೇವಲ 8 ಸೆಕೆಂಡುಗಳ ಅಂತರದಲ್ಲಿ ಟೂರ್ ಗೆದ್ದದ್ದು ಬೊಟ್ಟೆಕಿಯಾ ಸೈಕಲ್ ಮೇಲೆಯೇ.

ಪಿಯಾವೆ, ಫ್ರಿಯುಲಿ ಸ್ಪರ್ಧೆಗಳಲ್ಲಿ ಗೆದ್ದವರ ಹೆಸರನ್ನು ಅಲ್ಲಿನವರು ಬರೆದಿಟ್ಟಿದ್ದರಿಂದ ಈ ಗಾರೆಯವರು ಎಲ್ಲಿಂದ ಹೊರಟರೆಂದು ನಮಗೆ ಇಂದು ತಿಳಿಯುತ್ತದೆ. ನಿಮ್ಮೂರಿನ ಜಾತ್ರೆಯಲ್ಲೋ ಹಬ್ಬದಲ್ಲೋ ಸೈಕಲ್ ಸ್ಪರ್ಧೆ ನಡೆಯುತ್ತಿದ್ದರೆ, ಹಿಂದೆ ಗೆದ್ದವರ ಹೆಸರು, ವರ್ಷಗಳನ್ನು ಹಿರಿಯರಿಂದ ಕೇಳಿ ಬರೆದಿಡಿ. ಅದು ಕನ್ನಡದಲ್ಲೇ ಇರಲಿ ಎಂಬುದು ನಮ್ಮ ಕೋರಿಕೆ.