ನೆಲದ ಅಂತರಂಗವನ್ನರಿತ ಕಾರ್ಲ್ ಟೆರ್ಝಾಗಿ

ಕಟ್ಟಡವನ್ನು ನೋಡುವವರ ದೃಷ್ಟಿ ಗೋಡೆಯ ಎತ್ತರದಲ್ಲಿಯೂ ಗೋಪುರದ ಚೆಲುವಿನಲ್ಲಿಯೂ ನೆಲೆಗೊಳ್ಳುವುದು ಸಹಜ. ಅದೆಲ್ಲವನ್ನೂ ಹೊತ್ತು ನಿಲ್ಲುವ ನೆಲದ ಯೋಗ್ಯತೆಯನ್ನು ವಿಚಾರಿಸುವವರು ವಿರಳ. ಗೋಡೆ ಬಿರಿದ ಮೇಲೆ ಅಸ್ತಿಭಾರವನ್ನು ನೆನೆಯುವುದು ಲೋಕರೂಢಿ. ಕಟ್ಟುವುದಕ್ಕೆ ಮೊದಲೇ ನೆಲವನ್ನು ಪ್ರಶ್ನಿಸಿ ಉತ್ತರವನ್ನು ಪಡೆಯುವ ಶಾಸ್ತ್ರವನ್ನು ರೂಪಿಸಿದ ಮಹನೀಯರಲ್ಲಿ ಕಾರ್ಲ್ ಟೆರ್ಝಾಗಿಯವರು ಅಗ್ರಗಣ್ಯರು.

ಅವರು ಜನಿಸಿದುದು 1883ರ ಅಕ್ಟೋಬರ್ 2ರಂದು, ಅಂದಿನ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿದ್ದ ಪ್ರಾಗ್ ನಗರದಲ್ಲಿ. ತಂದೆ ಸೇನಾಧಿಕಾರಿಗಳು. ಸೈನಿಕ ಶಾಲೆಗಳಲ್ಲಿ ಬಾಲ್ಯವನ್ನು ಕಳೆದ ಕಾರ್ಲ್, ಗ್ರಾಜ್ ನಗರದ ತಾಂತ್ರಿಕ ವಿದ್ಯಾಲಯದಲ್ಲಿ ಯಂತ್ರಶಾಸ್ತ್ರವನ್ನು ವ್ಯಾಸಂಗ ಮಾಡಿ 1904ರಲ್ಲಿ ಪದವೀಧರರಾದರು. ಓದಿದುದು ಯಂತ್ರಶಾಸ್ತ್ರವಾದರೂ ಮನಸ್ಸು ಒಲಿದುದು ಭೂವಿಜ್ಞಾನಕ್ಕೆ. ಕ್ರೊಯೇಷಿಯಾ, ರಷ್ಯಾ ದೇಶಗಳ ನಿರ್ಮಾಣಕಾರ್ಯಗಳಲ್ಲಿ ದುಡಿಯುವಾಗ ಒಂದು ಸಂಗತಿ ಅವರಿಗೆ ಮನವರಿಕೆಯಾಯಿತು. ಉಕ್ಕು, ಕಾಂಕ್ರೀಟುಗಳ ಬಲವನ್ನು ಲೆಕ್ಕಹಾಕಬಲ್ಲ ಇಂಜಿನಿಯರು, ಕಾಲ ಕೆಳಗಿನ ಮಣ್ಣಿನ ವಿಷಯದಲ್ಲಿ ಮಾತ್ರ ಊಹೆಯನ್ನೇ ನಂಬಿದ್ದನು. ಊಹೆ ತಪ್ಪಿದಲ್ಲಿ ಧನಹಾನಿಯಷ್ಟೇ ಅಲ್ಲ, ಪ್ರಾಣಹಾನಿಯೂ ತಪ್ಪುತ್ತಿರಲಿಲ್ಲ.

1912ರಲ್ಲಿ ಅವರು ಅಮೆರಿಕೆಗೆ ತೆರಳಿ, ಅಲ್ಲಿನ ಅಣೆಕಟ್ಟುಗಳ ನಿರ್ಮಾಣಸ್ಥಳಗಳನ್ನು ಸಂದರ್ಶಿಸಿ ಅಪಾರ ವಿವರಗಳನ್ನು ಸಂಗ್ರಹಿಸಿದರು. ಆದರೆ ಆ ರಾಶಿಯಿಂದ ಯಾವ ನಿಯಮವೂ ಹೊರಡಲಿಲ್ಲ. ಮರಳು, ಜೇಡಿ ಎಂಬ ಒಂದೇ ಹೆಸರಿನಡಿಯಲ್ಲಿ ಭಿನ್ನಭಿನ್ನ ಗುಣದ ಮಣ್ಣುಗಳು ಅಡಗಿದ್ದುದೇ ಇದಕ್ಕೆ ಕಾರಣ. 1913ರ ಕೊನೆಗೆ ಅವರು ನಿರಾಶರಾಗಿ ಸ್ವದೇಶಕ್ಕೆ ಮರಳಿದರು. ಆ ಸೋಲೇ ಮುಂದಿನ ಸಾಧನೆಯ ಬೀಜವಾಯಿತು. ಮಣ್ಣಿಗೆ ಹೆಸರಿಟ್ಟರೆ ಸಾಲದು, ಅದರ ಗುಣವನ್ನು ಅಳೆಯಬೇಕು ಎಂಬ ನಿಶ್ಚಯಕ್ಕೆ ಅವರು ಬಂದರು.

1916ರಲ್ಲಿ ಅಧ್ಯಾಪಕರಾಗಿ ಇಸ್ತಾಂಬುಲ್ ನಗರಕ್ಕೆ ಬಂದ ಅವರು, ಮಹಾಯುದ್ಧಾನಂತರ ಅಲ್ಲಿನ ರಾಬರ್ಟ್ ಕಾಲೇಜಿನಲ್ಲಿ ಬೋಧನೆಯನ್ನು ಮುಂದುವರಿಸಿದರು. ಸುಸಜ್ಜಿತ ಪ್ರಯೋಗಶಾಲೆ ಇರಲಿಲ್ಲ. ಕೈಗೆ ಸಿಕ್ಕ ಹಳೆಯ ಸಾಮಾನುಗಳಿಂದಲೇ ಉಪಕರಣಗಳನ್ನು ಹೊಂದಿಸಿಕೊಂಡು ವರ್ಷಗಟ್ಟಲೆ ಪ್ರಯೋಗನಿರತರಾದರು. ನೀರುಂಡ ಜೇಡಿಮಣ್ಣಿನ ಮೇಲೆ ಭಾರ ಬಿದ್ದಾಗ ಮೊದಲು ಅದನ್ನು ಹೊರುವುದು ಕಣಗಳ ನಡುವಣ ನೀರು. ಆ ನೀರು ಮೆಲ್ಲಮೆಲ್ಲನೆ ಹೊರಸರಿದಂತೆ ಭಾರವು ಕಣಗಳಿಗೆ ವರ್ಗವಾಗುತ್ತದೆ, ನೆಲ ಕುಗ್ಗುತ್ತದೆ. ಕಟ್ಟಡಗಳು ವರ್ಷಾನುವರ್ಷ ಕುಸಿಯುತ್ತಿದ್ದುದರ ರಹಸ್ಯ ಹೀಗೆ ಬಯಲಾಯಿತು. ಈ ಸಂಶೋಧನೆಗಳನ್ನೊಳಗೊಂಡ ಅವರ ಜರ್ಮನ್ ಗ್ರಂಥ 1925ರಲ್ಲಿ ವಿಯೆನ್ನಾದಿಂದ ಹೊರಬಂದಿತು. ಮೃತ್ತಿಕಾ ಬಲವಿಜ್ಞಾನವೆಂಬ ಹೊಸ ಶಾಸ್ತ್ರ ಅದರಿಂದ ನೆಲೆಗೊಂಡಿತು.

ಅಮೆರಿಕೆಯ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿಯೂ ಅನಂತರ ವಿಯೆನ್ನಾದಲ್ಲಿಯೂ ಪ್ರಾಧ್ಯಾಪಕರಾಗಿದ್ದ ಅವರು, 1938ರಲ್ಲಿ ಮತ್ತೆ ಅಮೆರಿಕೆಗೆ ಬಂದು ಹಾರ್ವರ್ಡ್ ವಿಶ್ವವಿದ್ಯಾಲಯವನ್ನು ಸೇರಿದರು. ಷಿಕಾಗೋ ನಗರದ ಸುರಂಗ ರೈಲುಮಾರ್ಗಕ್ಕೆ ಸಲಹೆಗಾರರಾಗಿದ್ದಾಗ ರಾಲ್ಫ್ ಪೆಕ್ ಎಂಬ ತರುಣ ಇಂಜಿನಿಯರು ಅವರಿಗೆ ಸಹಕಾರಿಯಾದರು. 1948ರಲ್ಲಿ ಇವರೀರ್ವರೂ ಕೂಡಿ ಬರೆದ ಗ್ರಂಥವು ನೆಲಪರೀಕ್ಷೆಯ ಒಂದು ಸರಳ ವಿಧಾನಕ್ಕೆ ವಿಶೇಷ ಬೆಲೆಯನ್ನು ತಂದಿತು.

ಆ ವಿಧಾನ ಹೀಗಿದೆ: ನೆಲದಲ್ಲಿ ಕೊಳವೆಗುಳಿಯನ್ನು ಕೊರೆದು, ಅದರ ತಳದಲ್ಲಿ ಎರಡು ಹೋಳಾಗಿ ಬಿಚ್ಚಬಲ್ಲ ಉಕ್ಕಿನ ಕೊಳವೆಯನ್ನು ನಿಲ್ಲಿಸುತ್ತಾರೆ. 63.5 ಕಿಲೋಗ್ರಾಂ ತೂಕದ ಗುಂಡನ್ನು ಸುಮಾರು 76 ಸೆಂಟಿಮೀಟರ್ ಎತ್ತರದಿಂದ ಮತ್ತೆಮತ್ತೆ ಬೀಳಿಸಿ ಅದನ್ನು ಒಳಗಿಳಿಸುತ್ತಾರೆ. ಮೊದಲ 15 ಸೆಂಟಿಮೀಟರನ್ನು ಬಿಟ್ಟು ಮುಂದಿನ 30 ಸೆಂಟಿಮೀಟರಿಗೆ ಬಿದ್ದ ಪೆಟ್ಟುಗಳೇ ಲೆಕ್ಕ. ಮರಳು ನೆಲದಲ್ಲಿ ಈ ಸಂಖ್ಯೆ 4ಕ್ಕಿಂತ ಕಡಿಮೆಯಾದರೆ ನೆಲ ಅತಿ ಸಡಿಲ. 50ನ್ನು ಮೀರಿದರೆ ಅತಿ ಗಟ್ಟಿ. ಕೊಳವೆಯೊಡನೆ ಮೇಲೆ ಬಂದ ಮಣ್ಣನ್ನು ಕಣ್ಣಾರೆ ನೋಡಲೂಬಹುದು. ಕೊಳವೆಯನ್ನು ಬಡಿದಿಳಿಸುವ ಕ್ರಮವನ್ನು 1902ರಲ್ಲಿಯೇ ಬಾಸ್ಟನ್ನಿನ ಚಾರ್ಲ್ಸ್ ಗೌ ಆರಂಭಿಸಿದ್ದರು. ಪೆಟ್ಟಿನ ಎಣಿಕೆಯಿಂದ ಅಸ್ತಿಭಾರದ ವಿನ್ಯಾಸಕ್ಕೆ ದಾರಿ ತೋರಿದುದು ಟೆರ್ಝಾಗಿ ಮತ್ತು ಪೆಕ್ ಅವರ ಹಿರಿಮೆ. ಭಾರತದಲ್ಲಿಯೂ ಈ ಪರೀಕ್ಷೆಗೆ 2131ನೆಯ ಭಾರತೀಯ ಮಾನಕವು ವಿಧಿಸಲ್ಪಟ್ಟಿದೆ.

ಆದರೂ ಸಂಖ್ಯೆಯೊಂದನ್ನೇ ನಂಬಿ ಕಟ್ಟುವುದನ್ನು ಅವರು ಒಪ್ಪಲಿಲ್ಲ. ನೆಲದೊಳಗಿನ ಕಲ್ಲೊಂದು ಅಡ್ಡಬಂದರೂ ಎಣಿಕೆ ಏರಬಹುದು. ಉತ್ತರ ಕರ್ನಾಟಕದ ಎರೆಭೂಮಿಯೇ ಇದಕ್ಕೆ ಸಾಕ್ಷಿ. ಬೇಸಗೆಯಲ್ಲಿ ಒಣಗಿ ಪೆಟ್ಟಿಗೆ ಬಗ್ಗದ ನೆಲವೇ ಮಳೆಗಾಲದಲ್ಲಿ ಮೆತ್ತಗಾಗಿ ಉಬ್ಬಿ ಗೋಡೆಯನ್ನು ಬಿರಿಯಿಸುತ್ತದೆ. ಆದುದರಿಂದ ಮಣ್ಣಿನ ಜಾತಿ, ನೀರಿನ ಮಟ್ಟ, ಋತುಭೇದಗಳನ್ನು ಕೂಡಿಸಿ ವಿವೇಚಿಸಬೇಕು. ಕಟ್ಟುವಾಗಲೂ ನೆಲದ ವರ್ತನೆಯನ್ನು ಗಮನಿಸುತ್ತ, ಅಗತ್ಯವಾದರೆ ಯೋಜನೆಯನ್ನೇ ತಿದ್ದಿಕೊಳ್ಳಬೇಕು. ಟೆರ್ಝಾಗಿಯವರು ತಮ್ಮ ಜೀವಿತದುದ್ದಕ್ಕೂ ಅನುಸರಿಸಿದ ಮಾರ್ಗವಿದು.

1963ರ ಅಕ್ಟೋಬರ್ 25ರಂದು, ಎಂಬತ್ತು ವರ್ಷ ತುಂಬಿದ ಕೆಲವೇ ದಿನಗಳಲ್ಲಿ, ಅವರು ಮ್ಯಾಸಚೂಸೆಟ್ಸಿನ ವಿಂಚೆಸ್ಟರಿನಲ್ಲಿ ದಿವಂಗತರಾದರು. ಅವರ ಸಲಹೆಯಂತೆ ಕುಗ್ಗುವ ಜೇಡಿನೆಲದ ಮೇಲೆ ಕೆನಡಾದಲ್ಲಿ ಕಟ್ಟಿದ ಮಿಷನ್ ಅಣೆಕಟ್ಟು 1965ರಲ್ಲಿ ಅವರ ಹೆಸರನ್ನೇ ಪಡೆಯಿತು.

ವಿದ್ಯಾಲಯಗಳಿಗೆ ಕೊಠಡಿಗಳನ್ನು ಕಟ್ಟಿಸಿಕೊಡುವ ದಾನಿಗಳ ಹೆಸರು ಗೋಡೆಯ ಶಿಲೆಯಲ್ಲಿ ಕಾಣುತ್ತದೆ. ನೆಲಪರೀಕ್ಷೆಗೆ ವ್ಯಯಿಸಿದ ಹಣ ಯಾರ ಕಣ್ಣಿಗೂ ಕಾಣದು. ಆದರೆ ಆ ಸೂರಿನಡಿ ಕುಳಿತು ಓದುವ ಮಕ್ಕಳ ಕ್ಷೇಮವು ನಿಂತಿರುವುದು ಆ ಕಾಣದ ವೆಚ್ಚದ ಮೇಲೆಯೇ ಎಂಬುದನ್ನು ಈ ಮಹನೀಯರ ಜೀವಿತ ನಮಗೆ ನೆನಪಿಸುತ್ತದೆ.